44 ದಿನ ನಾನು ದೇವರಲ್ಲಿ ಕೇಳಿದ್ದು

ಕಳೆದ ವಾರ ನನ್ನ ಗೆಳತಿಯೊಬ್ಬಳು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ಅವಳ ಅಪ್ಪ ಐಸಿಯುನಲ್ಲಿದ್ದಾರೆ. ತುಂಬಾ ಹೊತ್ತು ಏನೇನೋ ಮಾತಾಡಿ ಕೊನೆಗೆ ಕೇಳಿದಳು, "ನೀನು ಆಗ ಅಷ್ಟು ದಿನ ಆಸ್ಪತ್ರೆಯಲ್ಲಿ ಕೂತಿದ್ದೆಯಲ್ಲ, ನಿಜ ಹೇಳು, ನಾವು ಹೇಳಿದ್ದು ದೇವರಿಗೆ ಕೇಳ್ತದಾ?" ನಾನು "ಕೇಳ್ತದೆ" ಅಂದೆ. ಯೋಚಿಸದೆ ಬಂದ ಮಾತು ಅದು, ಆದರೆ ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ಯಾಕೆ ಹಾಗೆ ಹೇಳಿದೆ ಅಂತ ಫೋನಿನಲ್ಲಿ ಅವಳಿಗೆ ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಮಗಳು ಹುಟ್ಟಿದ್ದು 30 ವಾರಕ್ಕೆ. ದಿನ ತುಂಬುವುದು ಅಂದರೆ 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಗೆ ಮುಂಚೆ ಹುಟ್ಟಿದ್ದು ಅನ್ನುತ್ತಾರೆ. ನಮ್ಮದು ಅದಕ್ಕಿಂತಲೂ ಏಳು ವಾರ ಮೊದಲು. ತೂಕ 1180 ಗ್ರಾಂ. ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆಯ ಪ್ಯಾಕೆಟ್ ಎತ್ತುವಾಗ ಈಗಲೂ ನನ್ನ ಕೈ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ.

ನಮ್ಮ ಮನೆ ಉಡುಪಿ ಹತ್ತಿರ ಶಂಕರಪುರದಲ್ಲಿ. ಗಂಡ ಮಸ್ಕತ್‌ನಲ್ಲಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಹಿತ್ತಲಲ್ಲಿ ಅವರ ಮಲ್ಲಿಗೆ ಗಿಡಗಳು. ಜೂನ್ ಕೊನೆಗೆ ನನ್ನ ಕಾಲು ಮುಖ ಎಲ್ಲ ಊದಿಕೊಂಡಿತು. ತೋರಿಸುತ್ತಿದ್ದ ಕಡೆ ಇದು ಬಸುರಿಯರಿಗೆಲ್ಲ ಆಗುವುದೇ ಅಂದರು, ಬಿಪಿ ಕೂಡ ಸರಿಯಾಗಿ ನೋಡಲಿಲ್ಲ. ಮೂರು ದಿನ ಕಳೆದು ತಲೆ ಸಿಡಿಯುವ ಹಾಗೆ ನೋವು, ಕಣ್ಣ ಮುಂದೆ ಮಿಣಮಿಣ ಚುಕ್ಕೆ. ಅತ್ತೆ ನನ್ನ ಮುಖ ನೋಡಿದವರೇ ಕಟ್ಟುತ್ತಿದ್ದ ಹೂ ಕೆಳಗಿಟ್ಟು ರಿಕ್ಷಾ ಕರೆದರು. ಉಡುಪಿಯ ದೊಡ್ಡ ಆಸ್ಪತ್ರೆಗೆ ಬಂದಾಗ ಬಿಪಿ 170/110. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು.

ಡಾಕ್ಟ್ರು ಕೂತುಕೊಂಡು ನಿಧಾನಕ್ಕೆ ಹೇಳಿದರು. ಈ ಬಿಪಿಯ ಮೂಲ ಇರುವುದು ಮಾಸಿನಲ್ಲಿ, ಮಗುವಿಗೆ ರಕ್ತ ಕೊಡುವ ಮಾಸು ಸರಿಯಾಗಿ ಬೇರು ಬಿಡದಿದ್ದರೆ ಹೀಗಾಗುತ್ತದೆ. ಹೆರಿಗೆ ಮಾಡಿಸುವುದೇ ಇದಕ್ಕೆ ಮದ್ದು, ಬಿಟ್ಟರೆ ತಾಯಿಗೆ ಫಿಟ್ಸ್ ಬರಬಹುದು. ಆದರೆ ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಅದಕ್ಕೆ ನನಗೆ 24 ಗಂಟೆ ಅಂತರದಲ್ಲಿ ಎರಡು ಇಂಜೆಕ್ಷನ್ ಕೊಡಬೇಕು, ಆ ಮದ್ದು ಮಗುವಿಗೆ ತಲುಪಿ ಕೆಲಸ ಮಾಡಲು ಸಮಯ ಬೇಕು. "ಒಂದು ದಿನ ತಡೆದುಕೊಂಡರೆ ಮಗುವಿಗೆ ತುಂಬಾ ಒಳ್ಳೆಯದು" ಅಂದರು.

ಆ ಒಂದು ದಿನ ನಾನು ಜೀವನದಲ್ಲಿ ಮಾಡದಷ್ಟು ಹರಕೆ ಹೇಳಿಕೊಂಡೆ. ಕೈಗೆ ಡ್ರಿಪ್, ಮೈಯೆಲ್ಲ ಬೆಂಕಿ ಸುರಿದ ಹಾಗೆ ಬಿಸಿ, ಆ ಮ್ಯಾಗ್ನೀಷಿಯಂ ಮದ್ದಿಗೆ ಹಾಗಾಗುತ್ತದಂತೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ನೆನೆದೆ. ಕಟೀಲಮ್ಮನಿಗೆ ಒಂದು ಯಕ್ಷಗಾನದ ಆಟ ಆಡಿಸುತ್ತೇನೆ. ಕೃಷ್ಣನಿಗೆ ಮಗುವಿನ ತೂಕದಷ್ಟು ಬೆಲ್ಲದ ತುಲಾಭಾರ. ಕಾಪು ಮಾರಿಯಮ್ಮನಿಗೆ ಮಲ್ಲಿಗೆ. ಕೊರಗಜ್ಜನಿಗೆ ಚಕ್ಕುಲಿ. ಅತ್ತೂರು ಚರ್ಚಿಗೆ ಮೇಣದಬತ್ತಿ. ನಮ್ಮ ಕಡೆಯವರಿಗೆ ಇದು ಗೊತ್ತು, ಕಷ್ಟ ಬಂದಾಗ ಯಾವ ಬಾಗಿಲನ್ನೂ ತಟ್ಟದೆ ಬಿಡುವುದಿಲ್ಲ. ಹೇಳಿ ಮುಗಿದ ಮೇಲೆ ಯಾರನ್ನಾದರೂ ಮರೆತೆನಾ ಅಂತ ಮತ್ತೆ ಮೊದಲಿಂದ ಎಣಿಸಿದೆ. ಮರೆತವರು ಮುನಿಸಿಕೊಂಡರೆ ಅಂತ ಭಯ. ಇಂದು ಆ ರಾತ್ರಿಯನ್ನು ನೆನೆದರೆ ನನ್ನ ಮೇಲೆ ನನಗೆ ಕರುಣೆ ಬರುತ್ತದೆ. ದೇವರು ಕೇಳಬೇಕಾದರೆ ಏನಾದರೂ ಕೊಡಲೇಬೇಕು, ಕೊಡುವುದು ಕಡಿಮೆಯಾದರೆ ಕಿವಿ ಮುಚ್ಚಿಕೊಳ್ಳುತ್ತಾರೆ ಅಂತ ನಾನು ಒಳಗೊಳಗೇ ನಂಬಿದ್ದೆ.

ಒಂದು ದಿನ ಕೇಳಿದ್ದಕ್ಕೆ 31 ಗಂಟೆ ಸಿಕ್ಕಿತು. ಆಮೇಲೆ ಸಿಸೇರಿಯನ್ ಮಾಡಿದರು. ಮಗು ಬೆಕ್ಕಿನ ಮರಿಯ ಹಾಗೆ ಒಂದು ಸಲ ಅತ್ತದ್ದು ಕೇಳಿತು, ಅಷ್ಟೇ. ನನಗೆ ತೋರಿಸದೆ ತೆಗೆದುಕೊಂಡು ಓಡಿದರು.

ಮಾರನೇ ದಿನ ಸಂಜೆ ವೀಲ್‌ಚೇರಿನಲ್ಲಿ ಕೂರಿಸಿ ಕರೆದುಕೊಂಡು ಹೋದರು. ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯಬೇಕು, ಬಳೆ ಉಂಗುರ ಎಲ್ಲ ತೆಗೆಯಬೇಕು. ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯ ಮೇಲೆ ಮಗುವಿಗೆ ಹೆಸರಿಲ್ಲ, 'ಬೇಬಿ ಆಫ್' ಅಂತ ಬರೆದು ನನ್ನ ಹೆಸರು. ಒಳಗೆ ಪುಟಾಣಿ ಮೈ, ಚರ್ಮದ ಕೆಳಗೆ ನೀಲಿ ನರಗಳು ಕಾಣುತ್ತಿದ್ದವು. ಮೂಗಿಗೆ ಕೊಳವೆ, ಅದರ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ, ಹಂಡೆಯಲ್ಲಿ ನೀರು ಕುದಿಯುವಾಗ ಬರುವ ಹಾಗೆ ಗುಳುಗುಳು ಶಬ್ದ. ಶ್ವಾಸಕೋಶದ ಪುಟ್ಟ ಪುಟ್ಟ ಗೂಡುಗಳು ಮುಚ್ಚಿಹೋಗದ ಹಾಗೆ ಗಾಳಿಯ ಒತ್ತಡದಲ್ಲಿ ತೆರೆದಿಡುವ ಯಂತ್ರ ಅದು. ಸಿಸ್ಟರ್ "ಮುಟ್ಟಿ, ಹೆದರಬೇಡಿ" ಅಂದರು. ಬೆರಳು ಇಟ್ಟೆ. ಮಗು ಹಿಡಿದುಕೊಂಡಿತು.

ಮೊದಲ ವಾರ ತೂಕ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರು. ಆದರೂ ಚಾರ್ಟಿನಲ್ಲಿ 1060 ಅಂತ ನೋಡಿದಾಗ ನೆಲ ಕುಸಿದ ಹಾಗಾಯಿತು. ಎರಡೆರಡು ಗಂಟೆಗೆ ಒಂದು ಮಿಲಿ ಹಾಲು, ಬಾಯಿಯಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ. ಆ ಒಂದು ಮಿಲಿಗಾಗಿ ನಾನು ದಿನಕ್ಕೆ ಎಂಟು ಸಲ, ರಾತ್ರಿ ಎರಡಕ್ಕೂ ಎದ್ದು ಹಾಲು ಹಿಂಡುತ್ತಿದ್ದೆ. ಶುರುವಿಗೆ ನಾಲ್ಕು ಹನಿ. ಅದನ್ನೂ ಸಿಸ್ಟರ್ ಸಿರಿಂಜಿನಲ್ಲಿ ಎಳೆದುಕೊಂಡು "ಇದು ಬಂಗಾರ" ಅನ್ನುತ್ತಿದ್ದರು. ನನ್ನನ್ನು ಡಿಸ್ಚಾರ್ಜ್ ಮಾಡಿದ ಮೇಲೆ ಅಲ್ಲೇ ಹತ್ತಿರ ಒಂದು ರೂಮ್ ಬಾಡಿಗೆಗೆ ತೆಗೆದುಕೊಂಡೆವು. ಸೊಸೈಟಿಯಲ್ಲಿ ನನ್ನ ಬಳೆಗಳನ್ನು ಅಡವಿಟ್ಟೆವು.

ಅದೇ ವಾರ ನೋಡಲು ಬಂದ ಸಂಬಂಧಿಕರೊಬ್ಬರು ಇದು ನಾಗದೋಷ ಇರಬೇಕು, ಬಸುರಿಯಾದಾಗ ಎಲ್ಲಿಗೆ ಹೋಗಿದ್ದೆ, ಎಂತ ತಿಂದಿದ್ದೆ ಅಂತ ವಿಚಾರಿಸಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಹೊಟ್ಟೆಯ ಹೊಲಿಗೆಗಿಂತ ಜಾಸ್ತಿ ನೋವಾಯಿತು. ಮಾರನೇ ದಿನ ಡಾಕ್ಟ್ರ ಹತ್ತಿರ ಅಳುತ್ತಾ ಕೇಳಿಯೇಬಿಟ್ಟೆ, ನನ್ನಿಂದ ಹೀಗಾಯ್ತಾ ಅಂತ. ಅವರು, "ಇಲ್ಲಮ್ಮ, ನೀವು ಮಾಡಿದ್ದು ಯಾವುದರಿಂದಲೂ ಇದು ಬಂದದ್ದಲ್ಲ" ಅಂದರು. ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಈ ಮಾತನ್ನು ನಂಬಿ. ಕಷ್ಟದಲ್ಲಿರುವವಳ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸಬೇಡಿ.

ಎಂಟನೇ ರಾತ್ರಿ ಮಗು ಉಸಿರಾಡುವುದನ್ನು ಮರೆತಳು. ಮರೆಯುವುದು ಅಂತಲೇ ಅಲ್ಲಿ ಹೇಳುತ್ತಾರೆ. ಉಸಿರು ತೆಗೆದುಕೊ ಅಂತ ಹೇಳುವ ಮೆದುಳಿನ ಭಾಗ ಇನ್ನೂ ಪಕ್ವವಾಗಿರುವುದಿಲ್ಲ, ಮಧ್ಯೆ ಮಧ್ಯೆ ನಿಂತುಬಿಡುತ್ತದೆ. ಅದಕ್ಕೇ ದಿನಾ ಕೆಫೀನ್ ಕೊಡುತ್ತಾರೆ, ನಾವು ಕುಡಿಯುವ ಕಾಫಿಯಲ್ಲಿ ಇರುವುದೇ. ಹಾಲು ಕೊಡಲು ಹೋಗಿದ್ದೆ, ಮಾನಿಟರ್ ಕೂಗಿತು, ಆಕ್ಸಿಜನ್ನಿನ ಅಂಕಿ 93ರಿಂದ 80, 71, 60. ಸಿಸ್ಟರ್ ಬಂದು ಪಾದಕ್ಕೆ ಬೆರಳಿನಿಂದ ತಟ್ಟಿದರು. ಆಗಲಿಲ್ಲ. ಮತ್ತೆ ತಟ್ಟಿದರು. ಆ ಹೊತ್ತಿನಲ್ಲಿ ನನಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ, ಹರಕೆಯೂ ಇಲ್ಲ, ಚಿಕ್ಕಂದಿನಿಂದ ಬಾಯಿಪಾಠ ಇದ್ದ ಒಂದು ಶ್ಲೋಕವೂ ಬರಲಿಲ್ಲ. "ಉಸಿರು ತೆಗೆ ಮಗಾ, ಉಸಿರು ತೆಗೆ" ಅಂತ ಅಷ್ಟೇ ಹೇಳುತ್ತಿದ್ದೆ, ಜೋರಾಗಿ ಹೇಳುತ್ತಿದ್ದೆನೋ ಒಳಗೇ ಹೇಳುತ್ತಿದ್ದೆನೋ ಗೊತ್ತಿಲ್ಲ. ಎದೆ ಒಮ್ಮೆ ಎದ್ದಿತು. ಅಂಕಿ ಮೇಲೆ ಬಂತು. ನಾನು ನೆಲದಲ್ಲಿ ಕೂತುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರಿಗೆ ಹೇಳಿದೆ, ನನಗೆ ದೇವರನ್ನು ಕರೆಯಲು ಕೂಡ ಆಗಲಿಲ್ಲ ಅಂತ. ಅವರು ಶಿರ್ವ ಕಡೆಯವರು, ಕ್ರಿಶ್ಚಿಯನ್ನರು. ನನಗೆ ನೀರು ಕೊಟ್ಟು ಅಂದರು, "ಕರೆದಿರಲ್ಲ. ನಾನೇ ಕೇಳಿದೆ, ಅವನಿಗೆ ಕೇಳಲಿಕ್ಕಿಲ್ವಾ?" ಡ್ಯೂಟಿ ಶುರು ಮಾಡುವ ಮೊದಲು ಪ್ರತಿ ಪೆಟ್ಟಿಗೆಯ ಹತ್ತಿರವೂ ಒಂದು ಕ್ಷಣ ನಿಂತು ಪ್ರಾರ್ಥನೆ ಮಾಡುತ್ತಾರಂತೆ. ಮಕ್ಕಳಿಗೆ ಹೆಸರಿಲ್ಲದ ಕಾರಣ ಅಮ್ಮಂದಿರ ಹೆಸರು ಹೇಳಿ. ಹಾಗಾದರೆ ಎಂಟು ದಿನದಿಂದ ನನಗೆ ಗೊತ್ತಿಲ್ಲದೆ ನನ್ನ ಹೆಸರು ದೇವರ ಹತ್ತಿರ ಹೋಗುತ್ತಿತ್ತು. ಅದನ್ನು ಕೇಳಿ ನನಗೆ ಬಂದ ಅಳು ಬೇರೆಯೇ ಥರದ್ದು.

ಪಕ್ಕದ ಪೆಟ್ಟಿಗೆಯ ಮಗುವಿನ ಅಮ್ಮ ಗಂಗೊಳ್ಳಿಯವರು. ಮೀನುಗಾರರ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಹಾಗಾಗಿ ಗಂಡ ದಿನಾ ಬರುತ್ತಿದ್ದರು, ಸ್ಟೀಲ್ ಕ್ಯಾರಿಯರಿನಲ್ಲಿ ಗಂಜಿ, ಒಣಮೀನು ಚಟ್ನಿ ತಂದು ನನಗೂ ಒಂದು ಪಾಲು ಕೊಡುತ್ತಿದ್ದರು. ಅವರಿಗೆ ಗಂಡು ಮಗು, 28 ವಾರಕ್ಕೆ ಹುಟ್ಟಿದ್ದು, 960 ಗ್ರಾಂ. ಹಾಲು ಹಿಂಡುವ ಕೋಣೆಯಲ್ಲಿ ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ನಾನು ಅಕ್ಕ ಅನ್ನುತ್ತಿದ್ದೆ, ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ದೊಡ್ಡವರು. ಗಂಡ ಕಡಲಿಗೆ ಹೋದ ಪ್ರತಿ ರಾತ್ರಿ ಕೇಳಿಕೊಂಡು ಕೇಳಿಕೊಂಡು ಅವರಿಗೆ ಪ್ರಾರ್ಥನೆ ಅಂದರೆ ಪಾತ್ರೆ ತೊಳೆದ ಹಾಗೆ ದಿನದ ಕೆಲಸ. ದೊಡ್ಡ ಮಾತೇನೂ ಇಲ್ಲ. "ಇವತ್ತು ಎರಡು ಮಿಲಿ ದಕ್ಕಿತು ದೇವ್ರೇ, ನಾಳೆಗೂ ದಕ್ಕಲಿ." ಅಷ್ಟೇ. ನನ್ನ ಉದ್ದದ ಹರಕೆ ಪಟ್ಟಿಯನ್ನು ನಾನು ಬಿಟ್ಟದ್ದು ಅವರನ್ನು ನೋಡಿ.

ಒಂಬತ್ತನೇ ದಿನ ಗಂಡ ರಜೆ ಸಿಕ್ಕಿ ಬಂದರು. ಹನ್ನೆರಡನೇ ದಿನ ಮಗಳನ್ನು ಮೊದಲ ಸಲ ಎದೆಯ ಮೇಲೆ ಮಲಗಿಸಿದರು. ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಶುರುವಾದದ್ದು ಅಂತ ಸಿಸ್ಟರ್ ಹೇಳಿದರು. ಅಲ್ಲಿ ಪೆಟ್ಟಿಗೆಗಳು ಸಾಲದೆ ಬಂದಾಗ ಅಮ್ಮಂದಿರ ಎದೆಗೇ ಮಗುವನ್ನು ಕಟ್ಟಿ ನೋಡಿದರಂತೆ, ಮೈಯ ಬಿಸಿಯೇ ಸಾಕಾಯಿತಂತೆ. ಟೊಪ್ಪಿ, ಕಾಲುಚೀಲ, ಡೈಪರ್ ಬಿಟ್ಟರೆ ಮಗುವಿಗೆ ಬೇರೆ ಬಟ್ಟೆ ಇಲ್ಲ, ಚರ್ಮಕ್ಕೆ ಚರ್ಮ ತಾಗಬೇಕು. ಕಪ್ಪೆಯ ಹಾಗೆ ಕಾಲು ಮಡಚಿ, ಕಿವಿ ನನ್ನ ಎದೆಗೆ ಒತ್ತಿ ಮಲಗಿದಳು. ಒಮ್ಮೆ ಕೂತರೆ ಕಡಿಮೆಯೆಂದರೆ ಒಂದು ಗಂಟೆ ಏಳುವ ಹಾಗಿಲ್ಲ. ಆಮೇಲಾಮೇಲೆ ನಾನು ನಾಲ್ಕೈದು ಗಂಟೆ ಕೂರುತ್ತಿದ್ದೆ, ನನಗೆ ಸುಸ್ತಾದರೆ ಗಂಡ ಶರಟು ಬಿಚ್ಚಿ ಕೂರುತ್ತಿದ್ದರು.

"ಮಾತಾಡಿ, ಅವಳಿಗೆ ಕೇಳ್ತದೆ" ಅಂದರು ಸಿಸ್ಟರ್. 26 ವಾರದ ಹೊತ್ತಿಗೇ ಮಕ್ಕಳಿಗೆ ಶಬ್ದ ಕೇಳಲು ಶುರುವಾಗಿರುತ್ತದಂತೆ, ಅಮ್ಮನ ದನಿಯ ಗುರುತು ಹೊಟ್ಟೆಯಲ್ಲೇ ಸಿಕ್ಕಿರುತ್ತದಂತೆ. ನಾನು ಮಾತಾಡಿದೆ. ಮಳೆಯ ಬಗ್ಗೆ, ಮಲ್ಲಿಗೆ ಗಿಡದ ಬಗ್ಗೆ, ಮನೆಯ ನಾಯಿಯ ಬಗ್ಗೆ. ಅವಳು ಕಣ್ಣು ತೆರೆಯಲಿಲ್ಲ, ಅಲುಗಾಡಲಿಲ್ಲ, ನನಗೆ ಯಾವ ಉತ್ತರವೂ ಬರಲಿಲ್ಲ. ಆದರೆ ಮಾನಿಟರಿನಲ್ಲಿ ಏರಿ ಇಳಿಯುತ್ತಿದ್ದ ಅಂಕಿ ನಿಧಾನಕ್ಕೆ 95ರಲ್ಲಿ ನಿಂತಿತು. ಅವಳಿಗೆ ಕೇಳುತ್ತಿತ್ತು. ಅವಳಿಗೆ ಹೇಳುತ್ತಾ ಹೇಳುತ್ತಾ ನಾನು ಅದೇ ದನಿಯಲ್ಲಿ ದೇವರಿಗೂ ಹೇಳಲು ಶುರು ಮಾಡಿದ್ದೆ, ಯಾವ ಮಾತು ಯಾರಿಗೆ ಅಂತ ಕೆಲವೊಮ್ಮೆ ನನಗೇ ಗೊತ್ತಾಗುತ್ತಿರಲಿಲ್ಲ. ಉತ್ತರ ಬರುತ್ತಿಲ್ಲ ಅನ್ನುವ ಚಿಂತೆ ಆಗ ನನಗೆ ಇರಲಿಲ್ಲ.

ಹತ್ತೊಂಬತ್ತನೇ ದಿನ ಗಂಗೊಳ್ಳಿ ಅಕ್ಕನ ಮಗು ಹೋಯಿತು. ರಕ್ತಕ್ಕೆ ಸೋಂಕು ಹತ್ತಿತ್ತು. ಎರಡೇ ದಿನ. ಹಿಂದಿನ ದಿನ ಸಂಜೆ ನಾವಿಬ್ಬರೂ ಒಟ್ಟಿಗೆ ಹಾಲು ಹಿಂಡಿದ್ದೆವು.

ಇದರ ಬಗ್ಗೆ ನಾನು ಜಾಸ್ತಿ ಬರೆಯಲಾರೆ. ಒಂದು ಮಾತು ಮಾತ್ರ ಹೇಳಲೇಬೇಕು. ನನ್ನ ಮಗಳು ಉಳಿದಳು, ಹಾಗಾಗಿ ದೇವರು ಪ್ರಾರ್ಥನೆ ಕೇಳುತ್ತಾನೆ ಅಂತ ನಾನು ಬರೆದರೆ ಆ ಅಕ್ಕನಿಗೆ ಅನ್ಯಾಯ ಮಾಡಿದ ಹಾಗೆ. ಅವರು ನನಗಿಂತ ಚೆನ್ನಾಗಿ ಪ್ರಾರ್ಥನೆ ಮಾಡುತ್ತಿದ್ದರು. ಅವರ ಮನಸ್ಸಿನಲ್ಲಿ ನನ್ನಷ್ಟು ಭಯ ಇರಲಿಲ್ಲ, ಲೆಕ್ಕಾಚಾರ ಇರಲಿಲ್ಲ. ಅವರದ್ದು ಕೇಳದೆ ನನ್ನದು ಮಾತ್ರ ಕೇಳುವ ದೇವರಾದರೆ ಆ ದೇವರಿಗೆ ನಾನು ಕೈ ಮುಗಿಯುವುದು ಹೇಗೆ?

ಮೂರು ದಿನ ನಾನು ಏನೂ ಕೇಳಲಿಲ್ಲ. ಹಾಲು ಹಿಂಡಿದೆ, ಕೊಟ್ಟೆ, ಮಗುವನ್ನು ಎದೆಗೆ ಕಟ್ಟಿಕೊಂಡೆ. ಮಾತಾಡಲಿಲ್ಲ. ಅಕ್ಕ ಹೋಗುವ ಮೊದಲು ಹಾಲಿನ ಬಾಟಲಿಗೆ ಅಂಟಿಸುವ ಚೀಟಿಯ ಹಿಂದೆ ತಮ್ಮ ಫೋನ್ ನಂಬರ್ ಬರೆದು ನನ್ನ ಕೈಗೆ ಕೊಟ್ಟಿದ್ದರು. ಆಗ ಅವರು ಕುಂದಾಪುರದ ಕನ್ನಡದಲ್ಲಿ ಹೇಳಿದ್ದನ್ನು ಹಾಗೇ ಬರೆಯಲು ನನಗೆ ಬರುವುದಿಲ್ಲ. ಅರ್ಥ ಇಷ್ಟು: ಕೊನೆಯ ರಾತ್ರಿ ಮಗುವನ್ನು ನನ್ನ ಮಡಿಲಿಗೆ ಕೊಡಿಸು ಅಂತ ಕೇಳಿಕೊಂಡೆ, ಕೊಟ್ಟರು, ಮಡಿಲಲ್ಲೇ ಹೋದ. ನೀವು ಕೇಳುವುದನ್ನು ಬಿಡಬೇಡಿ.

ಆ ಚೀಟಿ ಇಟ್ಟುಕೊಂಡೇ ನಾನು ಮೂರು ದಿನ ಸುಮ್ಮನಿದ್ದೆ.

ನಾಲ್ಕನೇ ದಿನ ಅತ್ತೆ ರೂಮಿಗೆ ಬಂದರು. ಕಾಪುವಿನಲ್ಲಿ ತುಳುವರ ಆಟಿ ತಿಂಗಳ ಮಾರಿಪೂಜೆ, ಮಂಗಳವಾರ ಬುಧವಾರ ನಡೆಯುತ್ತದೆ. ಮಳೆಗೆ ಮಲ್ಲಿಗೆ ಇಳುವರಿ ತುಂಬಾ ಕಡಿಮೆ, ಆದರೂ ಇದ್ದಬದ್ದ ಮೊಗ್ಗನ್ನೆಲ್ಲ ಕೊಯ್ದು ತಂದಿದ್ದರು. ನನ್ನ ಎದುರೇ ನೆಲದಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಲು ಶುರು ಮಾಡಿದರು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇದು ನಮ್ಮ ಕಡೆಯ ಲೆಕ್ಕ. ಒಂದು ಚೆಂಡು ಮುಗಿದಾಗ ಅತ್ತೆ ಹೇಳಿದರು, "800 ಸಲ ಕೇಳಿಕೊಂಡೆ ಮಗಾ." ಪ್ರತಿ ಮೊಗ್ಗಿಗೂ ಒಂದು ಸಲ. ನನಗೆ ಸಿಟ್ಟು ಬಂತು. ಅಕ್ಕನ ವಿಷಯ ಹೇಳಿ, ಕೇಳಿ ಏನು ಪ್ರಯೋಜನ ಅಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ನಿನ್ನ ಮಾವ ಮಲಗಿದ್ದಾಗ ಹೀಗೇ ಕಟ್ಟುತ್ತಾ ಕೇಳಿದ್ದೆ. ಅವರು ಉಳಿಯಲಿಲ್ಲ. ನಾನು ಕೇಳಿದ್ದೆಲ್ಲ ಸಿಕ್ಕಿದೆ ಅಂತ ನಿನಗೆ ಯಾರು ಹೇಳಿದ್ದು? ಆದರೆ ಅವರು ಹೋದ ಮೇಲೆ ಈ ಇಪ್ಪತ್ತು ವರ್ಷದಲ್ಲಿ ಬೆಳಿಗ್ಗೆ ಕತ್ತಲಲ್ಲಿ ಹೂ ಕೊಯ್ಯುವಾಗ ನಾನು ಒಬ್ಬಳೇ ಅಂತ ನನಗೆ ಒಂದು ದಿನವೂ ಅನಿಸಲಿಲ್ಲ. ನನ್ನ ಮಾತು ಕೇಳುವವರು ಅಲ್ಲಿ ಇದ್ದರು." ಆಮೇಲೆ ತುಳುವಿನಲ್ಲಿ, ನಮ್ಮ ಕಡೆ ಎಲ್ಲರೂ ಹೇಳುವುದನ್ನೇ ಹೇಳಿದರು, "ದೇವೆರ್ ಉಲ್ಲೆರ್." ದೇವರಿದ್ದಾರೆ. ಸಾವಿರ ಸಲ ಕೇಳಿದ್ದ ಮಾತು ಅದು. ಬಸ್ಸಿನಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ. ಅದರಲ್ಲಿ ದೇವರು ಕೊಡುತ್ತಾರೆ ಅಂತ ಇಲ್ಲ, ಮಾಡುತ್ತಾರೆ ಅಂತಲೂ ಇಲ್ಲ. ಇದ್ದಾರೆ ಅಂತ ಮಾತ್ರ. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ.

ಆ ದಿನ ಸಂಜೆ ಗಂಡನಿಗೆ ಹೇಳಿದೆ, ಕೃಷ್ಣ ಮಠಕ್ಕೆ ಹೋಗಬೇಕು ಅಂತ. ಹೆರಿಗೆಯಾಗಿ 40 ದಿನ ಕಳೆಯುವ ತನಕ ದೇವಸ್ಥಾನದ ಒಳಗೆ ಹೋಗುವುದಿಲ್ಲ, ಅದು ನಮ್ಮ ಮನೆಯ ಕ್ರಮ. "ಒಳಗೆ ಹೋಗುವ ಹಾಗಿಲ್ಲವಲ್ಲ" ಅಂದರು. ಹೊರಗೆ ನಿಲ್ಲುತ್ತೇನೆ ಅಂದೆ.

ರಥಬೀದಿಯಲ್ಲಿ ಜೋರು ಮಳೆ. ಜನ ಕಡಿಮೆ. ಕನಕನ ಕಿಂಡಿಯ ಮುಂದೆ ಕೊಡೆ ಹಿಡಿದು ನಿಂತೆ. ಉಡುಪಿಯಲ್ಲೇ ಬೆಳೆದವಳು ನಾನು, ಸ್ಕೂಲಿನಿಂದ ಹಿಡಿದು ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೇನೋ. ಒಳಗೆ ಹೋದವರು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ ಕೃಷ್ಣನನ್ನು ನೋಡುತ್ತಾರೆ. ಹೊರಗಿನವರಿಗೆ ಇದು. ಕಾಗಿನೆಲೆಯಿಂದ ಬಂದ ಕನಕದಾಸರನ್ನು ಒಳಗೆ ಬಿಡಲಿಲ್ಲ, ಅವರು ಗೋಡೆಯ ಹಿಂದೆ ನಿಂತು ಕರೆದರು, ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅನ್ನುವುದು ನಮಗೆಲ್ಲ ಗೊತ್ತಿರುವ ಕಥೆ. ಕೃಷ್ಣ ಇವತ್ತಿಗೂ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದ್ದಾನೆ. ಆ ದಿನ ನಾನು ಮೊದಲ ಸಲ ಹೊರಗೆ ನಿಲ್ಲಬೇಕಾದವಳಾಗಿ ಅಲ್ಲಿ ನಿಂತಿದ್ದೆ. ಕನಕದಾಸರಿಗೆ ಆ ದಿನ ಬಾಗಿಲು ಏನೂ ತೆರೆಯಲಿಲ್ಲವಲ್ಲ ಅಂತ ಹೊಳೆಯಿತು. ಅವರು ಹೊರಗೇ ಇದ್ದರು. ದೇವರು ಅವರ ಕಡೆ ಮುಖ ತಿರುಗಿಸಿದ, ಅಷ್ಟೇ ಆದದ್ದು. ಅದನ್ನು ನಾವು ಇಷ್ಟು ನೂರು ವರ್ಷಗಳಿಂದ ನೆನಪಿಟ್ಟುಕೊಂಡಿದ್ದೇವೆ.

ಮಳೆಗೆ ಒಳಗಿನ ದೀಪ ಮಸುಕಾಗಿ ಕಾಣುತ್ತಿತ್ತು, ವಿಗ್ರಹ ಸರಿಯಾಗಿ ಕಾಣಲಿಲ್ಲ. ನಾನು ಮಗಳನ್ನು ಉಳಿಸು ಅಂತ ಕೇಳಿದೆ. ಅದನ್ನು ಕೇಳದೆ ಇರಲು ಯಾವ ಅಮ್ಮನಿಗೂ ಆಗುವುದಿಲ್ಲ. ಆಮೇಲೆ ಅಕ್ಕನ ಮಗುವಿನ ಬಗ್ಗೆ ನನ್ನ ಸಿಟ್ಟನ್ನೂ ಹೇಳಿದೆ, ಒಂದು ಮಾತನ್ನೂ ನುಂಗದೆ ಹೇಳಿದೆ. ಹೇಳಿ ಮುಗಿಸಿ ಸುಮ್ಮನೆ ನಿಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಗಂಡನ ಪ್ಯಾಂಟ್ ಮೊಣಕಾಲವರೆಗೆ ಒದ್ದೆಯಾಗಿತ್ತು. ಎದುರಿಗೆ ಒಬ್ಬರು ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಏನೂ ಮಾತಾಡದೆ ಕೂತಿದ್ದಾರೆ ಅಂತ ಅನಿಸಿತು. ಎದೆಯ ಮೇಲೆ ಮಗಳು ಮಲಗಿದ್ದಾಗ ಹೇಗಿತ್ತೋ ಹಾಗೆ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

ನಮ್ಮ ಭಾಷೆಯಲ್ಲಿ ಕೇಳುವುದು ಅನ್ನುವ ಮಾತು ಎರಡು ಕಡೆಗೂ ಸಲ್ಲುತ್ತದೆ, ಅಲ್ವಾ. ನಾನು ದೇವರಲ್ಲಿ ಕೇಳಿದೆ. ದೇವರು ಕೇಳಿದ. ಬೇಡುವವರಿಗೂ ಅದೇ ಮಾತು, ಕಿವಿಗೊಡುವವರಿಗೂ ಅದೇ. ಆ ರಾತ್ರಿ ರೂಮಿನಲ್ಲಿ ನಿದ್ದೆ ಬಾರದೆ ಮಲಗಿದ್ದಾಗ ಇದು ಹೊಳೆದು ಗಂಡನನ್ನು ಎಬ್ಬಿಸಿ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು "ಹೌದು" ಅಂದು ಮತ್ತೆ ನಿದ್ದೆ ಹೋದರು.

ಆಮೇಲಿನ ದಿನಗಳು ಸುಲಭ ಇರಲಿಲ್ಲ, ಆದರೆ ನಾನು ಬೇರೆ ಥರ ಇದ್ದೆ. ಇನ್ನೂ ನಾಲ್ಕು ಸಲ ಉಸಿರು ಮರೆತಳು. ಒಮ್ಮೆ ಹೊಟ್ಟೆ ಉಬ್ಬರಿಸಿ ಎರಡು ದಿನ ಹಾಲು ನಿಲ್ಲಿಸಿದರು. ಪ್ರತಿ ಸಲವೂ ಹೆದರಿದೆ, ಕೈ ನಡುಗಿತು, ಅಳು ಬಂತು. ನಂಬಿಕೆ ಬಂದ ಮೇಲೆ ಹೆದರಿಕೆ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದು ನನ್ನ ಅನುಭವ ಅಲ್ಲ. ನನ್ನ ಅನುಭವದಲ್ಲಿ ಹೆದರಿಕೆಯನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತು. ತಿಂಗಳಾದ ಮೇಲೆ ಕಣ್ಣಿನ ಪರೀಕ್ಷೆ ಮಾಡಿದರು, ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣಿನ ಒಳಪರದೆಯ ರಕ್ತನಾಳಗಳು ತಪ್ಪಾಗಿ ಬೆಳೆಯುವ ಅಪಾಯ ಇರುತ್ತದೆ. ನಮ್ಮ ಮಗಳಿಗೆ ಏನೂ ಇರಲಿಲ್ಲ. ನಳಿಕೆ ಹೋಗಿ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಬಂತು. ಅತ್ತೆ ಮನೆಯಿಂದ ಹಳೆಯ ಬೆಳ್ಳಿ ಒಳಲೆಯನ್ನು ಕುದಿಸಿ ತಂದಿದ್ದರು, ಗಂಡನಿಗೂ ಅದರಲ್ಲೇ ಕುಡಿಸಿದ್ದಂತೆ, ಆದರೆ ಆಸ್ಪತ್ರೆಯವರು ತಮ್ಮ ಸ್ಟೀಲಿನದ್ದೇ ಆಗಬೇಕು ಅಂದರು. ಮೊದಲ ಸಲ ಐದು ಮಿಲಿ ಕುಡಿಯಲು ಅರ್ಧ ಗಂಟೆ.

44ನೇ ದಿನ 1760 ಗ್ರಾಂ ಆಗಿ ಮನೆಗೆ ಕಳಿಸಿದರು. ಆಟಿ ಇನ್ನೂ ಮುಗಿದಿರಲಿಲ್ಲ, ಶುಭಕಾರ್ಯ ಮಾಡದ ತಿಂಗಳು ಅದು. ಆಟಿಯಲ್ಲಿ ಮಗುವನ್ನು ಮನೆ ತುಂಬಿಸುವುದಾ ಅಂತ ಯಾರೋ ಅಂದದ್ದಕ್ಕೆ ಅತ್ತೆ, "ಅವಳು ಬಂದ ದಿನವೇ ಒಳ್ಳೆಯ ದಿನ" ಅಂದು ಬಾಗಿಲಲ್ಲಿ ದೀಪ ಹಿಡಿದು ನಿಂತರು. ಹೊರಡುವಾಗ ಶಿರ್ವದ ಸಿಸ್ಟರ್ ಪೆಟ್ಟಿಗೆಯ ಚೀಟಿಯನ್ನು ಕಿತ್ತು ನನಗೆ ಕೊಟ್ಟರು. ಈಗಲೂ ದೇವರ ಕೋಣೆಯಲ್ಲಿದೆ.

ಹರಕೆಗಳನ್ನು ತೀರಿಸುತ್ತಿದ್ದೇವೆ. ಅವನ್ನು ಸಾಲದ ಹಾಗೆ ನೋಡುವುದನ್ನು ಬಿಟ್ಟಿದ್ದೇನೆ, ಸಂತೋಷಕ್ಕೆ ಕೊಡುತ್ತಿದ್ದೇವೆ. ವರ್ಷ ತುಂಬಿದಾಗ ಕೃಷ್ಣ ಮಠದಲ್ಲಿ ತುಲಾಭಾರ ಮಾಡಿಸಿದೆವು. ತಕ್ಕಡಿಯಲ್ಲಿ ಅವಳು ಕೂತು ಬೆಲ್ಲಕ್ಕೆ ಕೈ ಚಾಚುತ್ತಿದ್ದಳು, ಏಳು ಕಿಲೋ ಎಂಟು ನೂರು ಗ್ರಾಂ. ಅಂಕಿ ಕೇಳಿ ಗಂಡ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡರು. ಕಟೀಲಿನ ಆಟಕ್ಕೆ ಹೆಸರು ಬರೆಸಿದ್ದೇವೆ. ಅಲ್ಲಿ ಸರದಿ ಬರಲು ವರ್ಷಗಟ್ಟಲೆ ಬೇಕು, ಅಷ್ಟರೊಳಗೆ ಮಗಳು ತಾನೇ ಕೂತು ನೋಡುವಷ್ಟು ದೊಡ್ಡವಳಾಗಿರುತ್ತಾಳೆ.

ಗಂಗೊಳ್ಳಿ ಅಕ್ಕನಿಗೆ ಮನೆಗೆ ಬಂದ ವಾರವೇ ಫೋನ್ ಮಾಡಿದ್ದೆ. ಏನು ಮಾತಾಡಬೇಕು ಅಂತ ಗೊತ್ತಾಗದೆ ಎರಡು ಸಲ ನಂಬರ್ ಒತ್ತಿ ಕಟ್ ಮಾಡಿ, ಮೂರನೇ ಸಲ ಮಾಡಿದ್ದು. ಅವರೇ ಮೊದಲು "ಎಷ್ಟು ಗ್ರಾಂ ಆಯ್ತು?" ಅಂತ ಕೇಳಿದರು. ಆಮೇಲೆ ತಿಂಗಳಿಗೊಮ್ಮೆಯಾದರೂ ಮಾತಾಡುತ್ತೇವೆ. ಅವರ ಮಗನ ದಿನ ಬಂದಾಗ ನಾನು ಮನೆಯಲ್ಲಿ ಒಂದು ದೀಪ ಜಾಸ್ತಿ ಹಚ್ಚುತ್ತೇನೆ.

ಅವರಿಗೆ ಈಗ ಏಳನೇ ತಿಂಗಳು. ಮೊನ್ನೆ ಫೋನಿನಲ್ಲಿ ಹೇಳಿದರು, ಬಿಪಿ ಸರಿ ಉಂಟಂತೆ, 29 ವಾರ ದಾಟಿತಂತೆ. ಫೋನ್ ಇಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು "ಕೇಳಿಕೊಳ್ಳಿ, ಆಯ್ತಾ" ಅಂದರು. ಅವತ್ತಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ, ನಾನು, ನಾನು ಕೈ ಮುಗಿದ ಹಾಗೇ ಕೈ ಮುಗಿಯಲು ಕಲಿತಿರುವ ಮಗಳು, ಮೂವರೂ ಕೂತು ಒಂದೊಂದು ವಾರವಾಗಿ ಕೇಳಿಕೊಳ್ಳುತ್ತಿದ್ದೇವೆ. ಇವತ್ತು 30 ಆಯಿತು.